ಮಾವನ ಸ್ಕಾಟ್ಲೆಂಡ್ ಪ್ರದಕ್ಷಿಣೆ

ನಮ್ಮ ಸೋದರಮಾವನನ್ನು ಯಾವ ಕಲ್ಲಿನ ಹತ್ತಿರವೂ ಒಂಟಿಯಾಗಿ ಬಿಡಬಾರದು! ಕಲ್ಲು ಕಂಡರೆ ಚಪ್ಪಲಿ ಬಿಡುತ್ತಾನೆ, ಸುತ್ತು ಹಾಕುತ್ತಾನೆ. ಬಸವನಗುಡಿಯಲ್ಲಿ ಅವನು ಸುತ್ತದೆ ಉಳಿದ ಕಲ್ಲಿದ್ದರೆ ಅದು ರುಬ್ಬುವ ಕಲ್ಲು ಮಾತ್ರ.

ಎಂಬತ್ತರ ದಶಕದ ಆರಂಭದಲ್ಲಿ ನಾನು ಎಡಿನ್‌ಬರೋದಲ್ಲಿ ಓದುತ್ತಿದ್ದೆ. ಆಗಷ್ಟೇ ನಿವೃತ್ತನಾಗಿದ್ದ ಮಾವ ನನ್ನನ್ನು ನೋಡಲು ಬಂದ. ನಾನೋ ಬುದ್ಧಿವಂತ! ಬೆನ್ನಿಗೆ ಚೀಲ ಹೊತ್ತು ಊರು ಸುತ್ತುವ ಹುಡುಗ ಹುಡುಗಿಯರ ಪ್ರವಾಸಕ್ಕೆ ಅವನನ್ನೂ ಸೇರಿಸಿ, ಜೊತೆಗೆ ಹೊರಟೆ. ಅವರ ಚೀಲದಲ್ಲಿ ಮಳೆಕೋಟು, ನಕಾಶೆ. ಮಾವನ ಚೀಲದಲ್ಲಿ ಹುರಿಟ್ಟು, ಗೊಜ್ಜವಲಕ್ಕಿ, ಚಟ್ನಿಪುಡಿ.

ಮೊದಲ ದಿನ ಒಂದು ಹಾಳು ಕೋಟೆ. ನಮ್ಮ ಗೈಡ್ ಕೆಂಚುಗೂದಲಿನ ಹುಡುಗಿ. ಇಲ್ಲಿ ಅಣ್ಣನ ಮಕ್ಕಳು ತಮ್ಮನ ಮಕ್ಕಳನ್ನು ಊಟಕ್ಕೆ ಕರೆದು ಕೊಂದರೆಂದು ಗದ್ಗದಿತಳಾಗಿ ಹೇಳಿದಳು. ಮಾವ ಆಕಳಿಸಿದ. "ದಾಯಾದಿ ಜಗಳ ನೋಡಕ್ಕೆ ಇಷ್ಟ್ ದೂರ ಬರ್ಬೇಕಿತ್ತೇನೋ? ಚಾಮರಾಜಪೇಟೇಲಿ ನಮ್ಮ ದೊಡ್ಡಪ್ಪನ ಮನೆಗೆ ಹೋಗಿದ್ರೆ ಸಾಕಿತ್ತು!"

ಅಲ್ಲಿಯವರು ಊದುವ ಬ್ಯಾಗ್‌ಪೈಪ್ ಎಂಬ ಚೀಲವಾದ್ಯ ಕೇಳಿ, "ಪಾಪ, ಓಲಗದವನಿಗೆ ನೆಗಡಿ" ಎಂದ.

ಮರುದಿನ ಬಯಲಲ್ಲಿ ವೃತ್ತಾಕಾರವಾಗಿ ನಿಂತ ಪುರಾತನ ಕಲ್ಲುಗಳು. ಕೇಳಬೇಕೇ! ಬೂಟು ಬಿಚ್ಚಿ ಹೊರಟೇಬಿಟ್ಟ. ಮೂರನೇ ಸುತ್ತಿಗೆ ಇಬ್ಬರು ಆಸ್ಟ್ರೇಲಿಯಾ ಹುಡುಗರು, ಅದೇ ಅಲ್ಲಿನ ಸಂಪ್ರದಾಯವಿರಬೇಕೆಂದು ಬರಿಗಾಲಲ್ಲಿ ಅವನ ಹಿಂದೆ! ಒಬ್ಬ ತನ್ನ ಮಂಡಿನೋವು ಇಳಿಯಿತೆಂದೂ ಹೇಳಿದ.

ನಗುತ್ತಿದ್ದೀರಾ? ನಾನೂ ನಗುತ್ತಿದ್ದೆ, ಆ ಬೆಟ್ಟದವರೆಗೆ.

ಬೆಟ್ಟದ ತುದಿಯಲ್ಲಿ ಆಳೆತ್ತರದ ಕಲ್ಲುಗುಡ್ಡೆ. ಬೆಟ್ಟ ಹತ್ತಿದವರೆಲ್ಲ ದಾರಿಗುರುತಿಗೆಂದು ಒಂದೊಂದು ಕಲ್ಲು ಪೇರಿಸಿದ್ದು. ಅದರ ಹಿಂದೆ ಪ್ರಪಾತ, ಎಲ್ಲೆಲ್ಲೂ ಮಂಜು. ನಾನು ತಿರುಗಿ ನೋಡುವಷ್ಟರಲ್ಲಿ ಮಾವನ ಬೂಟು ಮಾತ್ರ ಇತ್ತು! ಗುಡ್ಡೆಯ ಹಿಂದಕ್ಕೆ ಹೋದವನು ಈಚೆಗೆ ಬರಲೇ ಇಲ್ಲ. ಇವತ್ತಿಗೂ ಯಾರಾದರೂ ಗರ್ಭಗುಡಿಯ ಹಿಂಬದಿಗೆ ತಿರುಗಿದರೆ, ಈಚೆ ಬರುವವರೆಗೆ ನನಗೆ ಉಸಿರಾಡಲಾಗುವುದಿಲ್ಲ.

ಇಣುಕಿದೆ. ಗೇಣಗಲದ ಅಂಚು. ಮುಂದಿನ ಭಾಗ ಕುಸಿದುಹೋಗಿದೆ. ಮಾವ ಹಲ್ಲಿಯಂತೆ ಕಲ್ಲಿಗೆ ಅಂಟಿಕೊಂಡಿದ್ದಾನೆ.

"ಮಾವಾ, ಹಾಗೇ ಹಿಂದಕ್ಕೆ ಬಾ!"

"ಅಪ್ರದಕ್ಷಿಣೆ ಆಗತ್ತೆ ಕಣೋ!"

"ಹಾಗಾದ್ರೆ ನಾನೇ ಬರ್ತೀನಿ, ಕೈ ಕೊಡು."

"ಬೂಟ್ ಹಾಕ್ಕೊಂಡು ದೇವರ ಹತ್ರ ಬರ್ತೀಯಾ? ನಿಲ್ಲೋ ಅಲ್ಲೇ!"

"ಇದು ದೇವರಲ್ಲ ಮಾವಾ, ದಾರಿಗುರುತು!"

"ಯಾರ್ ಹೇಳಿದ್ದು?"

"ಗೈಡ್ ಹೇಳಿದ್ಲು!"

"ಅವಳೇನು ಆಗಮ ಓದಿದಾಳಾ?"

ಪ್ರಪಾತದ ಬಾಯಲ್ಲಿ ನಿಂತು ನಾವಿಬ್ಬರೂ ವಿಗ್ರಹಾರಾಧನೆಯ ಬಗ್ಗೆ ಗಂಟಲು ಹರಿದುಕೊಂಡೆವು! ಅಷ್ಟರಲ್ಲಿ ಗೈಡ್ ಹಗ್ಗ ತಂದು ಕುಣಿಕೆ ಎಸೆದಳು. ಅದು ಸೊಂಟಕ್ಕೆ ಬಿದ್ದದ್ದೇ ತಡ, ಮಾವ ಬಾಯಿ ಮುಚ್ಚಿಕೊಂಡು ಹಿಂದಕ್ಕೇ ನಡೆದು ಬಂದ. ಅಪ್ರದಕ್ಷಿಣೆಯಾಗಿಯೇ! ಶಾಸ್ತ್ರದ ಗಟ್ಟಿತನ ಅಷ್ಟು ನೋಡಿ.

ಊರಿಗೆ ಮರಳಿದ ಮೇಲೆ ಬಸವನಗುಡಿಯ ನಮ್ಮ ಮನೆಯಲ್ಲಿ ಇದನ್ನು ಹಲ್ಲಿಯ ಅಭಿನಯಸಮೇತ ನೆಂಟರಿಗೆಲ್ಲ ಹೇಳಿದೆ. ಬಿದ್ದು ಬಿದ್ದು ನಕ್ಕರು. ಮಾವನೂ ನಕ್ಕ. ಅಮ್ಮ ಮಾತ್ರ ರೇಗಿದಳು. "ಪ್ರಾಣ ಹೋಗೋ ಹೊತ್ತಲ್ಲೂ ಎಂಥದೋ ನಿಂದು ಶಾಸ್ತ್ರ?"

"ಶಾಸ್ತ್ರ ಎಲ್ಲಿ ಬಂತಕ್ಕ," ಎಂದ ಮಾವ ಮೆಲ್ಲಗೆ. "ನಮ್ಮಿಬ್ರ ಮಧ್ಯೆ, ಇವನು ಕಾಲಿಡಕ್ಕೆ ಹೊರಟಿದ್ದ ಜಾಗದಲ್ಲಿ ಮಣ್ಣು ಜಾರ್ತಾ ಇತ್ತು. ಮಂಜಲ್ಲಿ ಇವನಿಗೆ ಕಾಣ್ಲಿಲ್ಲ. ಅಪಾಯ, ಬರ್ಬೇಡ ಅಂದಿದ್ರೆ ಓಡಿ ಬಂದ್ಬಿಡ್ತಿದ್ದ. ಅದಕ್ಕೇ ವಾದಕ್ಕೆಳೆದೆ. ವಾದ ಸಿಕ್ಕಿದ್ರೆ ಇವನು ನಿಂತ ಜಾಗ ಬಿಡಲ್ವಲ್ಲ!"

ನೆಂಟರು ಮತ್ತೆ ನಕ್ಕರು. ಅಮ್ಮ ನಗಲಿಲ್ಲ. ಎದ್ದು ಹೋಗಿ, ತಮ್ಮನ ಬೋಳು ತಲೆಯ ಮೇಲೆ ಸುಮ್ಮನೆ ಕೈಯಿಟ್ಟು ನಿಂತಳು.