ಗೇಟಿನ ಮೇಲಿನ ಗುಟ್ಟು

ಈ ವರ್ಷ ನಮ್ಮ ಶಾಲೆಯ ನಾಲ್ಕನೇ ತರಗತಿಯ ಒಂದು ಮಗುವನ್ನೂ ಯಾವ ಆನ್‌ಲೈನ್ ವಂಚಕನೂ ಮುಟ್ಟಕೂಡದು! ಹೀಗೆಂದು ನಾನು, ಎಲೆಯುಟೇರಿಯೊ ಮಗ್ಬನ್ವಾ ಪಾಲ್ಮಾರೆಸ್, ಶಾಲೆಯ ಅಂತರ್ಜಾಲ ಸುರಕ್ಷತಾ ಸಂಚಾಲಕ, ಪಣ ತೊಟ್ಟೆ. ಹುದ್ದೆ ಸಿಕ್ಕಿದ್ದೇ ತಡ, ನಮ್ಮೂರು ಇಲೋಯಿಲೋದ ವಾಡಿಕೆಯಂತೆ ನಮ್ಮ ಮನೆಯ ಗೇಟಿಗೆ ಬ್ಯಾನರ್ ಏರಿತು: ನನ್ನ ಪೂರ್ತಿ ಹೆಸರು, ಅಭಿನಂದನೆ, ಬಾಗಿಲಗಲದ ನನ್ನ ಮುಖ, ತಲೆ ತುಂಬ ಕಪ್ಪು ಕೂದಲು.

"ನಿನ್ನ ಹೆಸರು ನೋಡಿದ್ರೇ ವಂಚಕರು ಓಡ್ತಾರೆ ಬಿಡು, ಓದೋಕಾಗದೆ!" ಎಂದಳು ಹೆಂಡತಿ ಬಿಸಿಂಗ್. ನಗಿಸುವಾಗಲೂ ಬಿಸಿ ಮುಟ್ಟಿಸುವ ಹೆಂಗಸು.

ನನ್ನ ತರಗತಿಯ ಅರ್ಧ ಮಕ್ಕಳಿಗೆ ಅಮ್ಮ ಎಂದರೆ ಫೋನಿನೊಳಗಿನ ಮುಖ. ಒಬ್ಬಳು ಹಾಂಗ್‌ಕಾಂಗಿನಲ್ಲಿ ಇನ್ಯಾರದೋ ಮಗುವಿಗೆ ಉಣಿಸುತ್ತಾಳೆ, ಇನ್ನೊಬ್ಬಳು ದುಬೈಯಲ್ಲಿ ಯಾರದೋ ನೆಲ ಒರೆಸುತ್ತಾಳೆ. ಆ ಮುಖ ಹಾಕಿಕೊಂಡು ಕಳ್ಳ ಬಂದರೆ?

"ಮುಖ ನಂಬಬೇಡಿ, ದನಿ ನಂಬಬೇಡಿ," ಎಂದು ತರಗತಿಯಲ್ಲಿ ಪಾಠ ಶುರು ಮಾಡಿದೆ. " ಎರಡನ್ನೂ ಈಗ ನಕಲು ಮಾಡ್ತಾರೆ. 'ನಾನು ನಿನ್ನಮ್ಮ, ಇದು ಹೊಸ ನಂಬರು' ಅಂದ್ರೆ ಗುಟ್ಟಿನ ಪ್ರಶ್ನೆ ಕೇಳಿ. ಉದಾಹರಣೆಗೆ, ಅಮ್ಮನ ತವರಿನ ಮನೆತನದ ಹೆಸರೇನು?"

ಮಯುಮಿ ಎದ್ದಳು. ಅವಳ ಅಮ್ಮನೂ ಹಾಂಗ್‌ಕಾಂಗಿನಲ್ಲೇ. "ಸರ್, ಅದು ಗುಟ್ಟು ಹೇಗಾಗುತ್ತೆ? ಅಮ್ಮನ ತವರಿನ ಹೆಸರು ನಮ್ಮೆಲ್ಲರ ಹೆಸರಿನ ಮಧ್ಯದಲ್ಲೇ ಇರುತ್ತಲ್ಲ! ನಿಮ್ಮದಂತೂ ಗೇಟಿನ ಮೇಲೇ ಇದೆ. ಮಗ್ಬನ್ವಾ!"

"ಬ್ಯಾಂಕಿನವರೂ ಅದನ್ನೇ ಕೇಳ್ತಾರಮ್ಮ..."

"ಹಾಗಾದ್ರೆ ಬ್ಯಾಂಕಿನವರಿಗೂ ಪಾಠ ಮಾಡಿ ಸರ್!"

ತರಗತಿ ಬೆಂಚು ಕುಟ್ಟಿ ನಕ್ಕಿತು. "ಸರಿ, ಅಮ್ಮನಿಗೂ ನಿಮಗೂ ಮಾತ್ರ ಗೊತ್ತಿರೋದನ್ನ ಆರಿಸ್ಕೊಳ್ಳಿ. ನನಗೂ ಹೇಳಬೇಡಿ," ಎಂದು ಮಾನ ಉಳಿಸಿಕೊಂಡೆ.

ಅಂದು ಬಿಸಿಂಗ್ ತನ್ನ ತಾಯಿಯನ್ನು ಕರೆತರಲು ಎದುರಿನ ಗಿಮರಾಸ್ ದ್ವೀಪಕ್ಕೆ ಹೋಗಿದ್ದಳು. ಸಂಜೆ ಗೊತ್ತಿಲ್ಲದ ನಂಬರಿನಿಂದ ಸಂದೇಶ: "ನನ್ನ ಫೋನ್ ಸಮುದ್ರಕ್ಕೆ ಬಿತ್ತು. ವಾಪಸು ಬಂದು ನಮ್ಮೂರ ದೋಣಿಕಟ್ಟೆಯಲ್ಲಿದ್ದೇವೆ. ಅಮ್ಮನ ಮಂಡಿ ಊದಿದೆ, ನಡೆಯೋಕಾಗ್ತಿಲ್ಲ. ಗಾಡಿ ತಾ. ಬಿಸಿಂಗ್."

ಆಹಾ! ಸಿಕ್ಕಿಬಿದ್ದ ವಂಚಕ! ಫೋನೇ ಬಂತು, ಹೆಂಡತಿಯದೇ ದನಿ, ಹೆಂಡತಿಯದೇ ಬೈಗುಳ. ಎಂಥ ನಕಲು! ಕತ್ತರಿಸಿದೆ.

"ನಾನು ನಿನ್ನನ್ನ ಮನೇಲಿ ಏನಂತ ಕರೀತೀನಿ?" ಎಂದು ಬರೆದೆ.

"ಲಂಗ್ಗಾ."

"ಮುದ್ದು ಬಂದ್ರೆ ಈ ಊರಿನ ಗಂಡಂದಿರೆಲ್ಲ ಹೆಂಡತಿಗೆ ಲಂಗ್ಗಾ ಅಂತಾರೆ ಕಣೋ ಕಳ್ಳ!"

ಅಷ್ಟಕ್ಕೇ ಬಿಡಲಿಲ್ಲ. 'ಈ ನಂಬರು ವಂಚಕರದು, ಎಚ್ಚರ!' ಎಂದು ಶಿಕ್ಷಕರ ಗುಂಪಿಗೂ ಹಾಕಿದೆ. ಮೆಚ್ಚುಗೆಯ ಹೆಬ್ಬೆರಳುಗಳು ಸಾಲುಗಟ್ಟಿದವು. ನಂಬರನ್ನು ಬ್ಲಾಕ್ ಮಾಡಲು ನನ್ನ ಬೆರಳೂ ಮೇಲೆದ್ದಿತ್ತು. ಅಷ್ಟರಲ್ಲಿ ಕೊನೆಯ ಸಂದೇಶ:

"ಗೇಟಿನ ಬ್ಯಾನರಿನಲ್ಲಿರೋ ಕೂದಲು ನಿನ್ನದಲ್ಲ. ಪ್ರಿಂಟಿಂಗ್ ಅಂಗಡಿಯವನಿಗೆ ಹೇಳಿ ಅಂಟಿಸಿದವಳು ನಾನು. ಈಗ ಬರ್ತೀಯಾ, ಬೋಳುತಲೆ?"

ಆ ಅಂಗಡಿಯವನನ್ನು ಬಿಟ್ಟರೆ ಭೂಮಂಡಲದಲ್ಲಿ ಇದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ! ಮನೆಯಾಚೆ ಎಂದೂ ತೆಗೆಯದ ಟೋಪಿಯನ್ನೂ ಮರೆತು ಗಾಡಿ ಓಡಿಸಿದೆ.

ದೋಣಿಕಟ್ಟೆಯಲ್ಲಿ ಅತ್ತೆ ಮೀನಿನ ಬುಟ್ಟಿಯ ಮೇಲೆ ಕಾಲು ಚಾಚಿ ನರಳುತ್ತಿದ್ದರು. ಆ ಮುಖ ನೋಡಿ ನನ್ನ ಬುದ್ಧಿವಂತಿಕೆಯೆಲ್ಲ ಇಳಿದುಹೋಯಿತು. ಬಿಸಿಂಗ್ ನನ್ನ ಬರಿತಲೆಯನ್ನೇ ದಿಟ್ಟಿಸಿದಳು, ಆ ನೋಟ ಇನ್ನೂ ಬಿಸಿ.

ಫೋನು ಕೊಟ್ಟಿದ್ದ ಮೀನು ಮಾರುವ ಅಜ್ಜಿ, "ನಿನ್ನ ಶಾಲೆ ಮೇಷ್ಟ್ರುಗಳೆಲ್ಲ ಫೋನ್ ಮಾಡಿ ಕಳ್ಳಿ ಅಂತಿದಾರಲ್ಲಪ್ಪ, ನಾನೇನು ಕದ್ದೆ?" ಎಂದಳು. ನಾನು ಕೈಮುಗಿದೆ. ಅವಳ ಬೆನ್ನ ಹಿಂದಿನಿಂದ ಇಣುಕಿದ ಮೊಮ್ಮಗಳು ನಮ್ಮ ಮಯುಮಿ!

"ನನ್ನ ಕನ್ನಡಕ ಇಲ್ಲ ಅಂತ ಸಂದೇಶಗಳನ್ನೆಲ್ಲ ಅವಳ ಕೈಲೇ ಬರೆಸಿದೆ," ಎಂದಳು ಬಿಸಿಂಗ್.

ಮರುದಿನ ತರಗತಿಗೆ ಹೋದೆ. ಎಲ್ಲರ ಕಣ್ಣೂ ನನ್ನ ಟೋಪಿಯ ಮೇಲೆ. "ಗುಟ್ಟಿನ ಪ್ರಶ್ನೆ ಯಾರ್‍ಯಾರು ಆರಿಸ್ಕೊಂಡ್ರಿ?" ಎಂದೆ.

ಮಯುಮಿ ಎದ್ದಳು. "ನಾನು ಅಮ್ಮಂಗೆ ಕೇಳಿದೆ ಸರ್. ಮೊದಲು ಅತ್ತಳು, ಆಮೇಲೆ ಸರಿಯಾಗಿ ಹೇಳಿದಳು. ಪ್ರಶ್ನೆ ಏನು ಅಂತ ನಿಮಗೂ ಹೇಳಲ್ಲ."

"ಭೇಷ್!" ಎಂದೆ.

"ನೀವು ಮಾತ್ರ ನಿಮ್ಮದನ್ನ ಬದಲಾಯಿಸ್ಕೊಳ್ಳಿ ಸರ್," ಎಂದಳು ಮೆಲ್ಲಗೆ. "ಹಳೇದು ಸೋರಿಹೋಗಿದೆ."