ದೊಡ್ಡ ಐ, ಸಣ್ಣ ಐ

ಬೆಳಗ್ಗೆ ಒಂಬತ್ತಕ್ಕೆ ಪೇಂಟರ್ ಪರಮೇಶ ಬಿಳಿ ತಗಡಿನ ಮೇಲೆ ನೀಲಿ ಬಣ್ಣದಲ್ಲಿ ಇಂಗ್ಲಿಷಿನ ದೊಡ್ಡ ಐ ಬರೆದ. ಆ ದಿನದ ಅವನ ತಾಪತ್ರಯಕ್ಕೆಲ್ಲ ಆ ಒಂದು ಅಕ್ಷರವೇ ಮೂಲವಾಯಿತು.

ಜಮಖಂಡಿಗೆ ಫ್ಲೆಕ್ಸ್ ಮಷೀನು ಬಂದ ಮೇಲೆ ಕೈಯಿಂದ ಬೋರ್ಡು ಬರೆಸುವವರೇ ಇರಲಿಲ್ಲ. ನಾಲ್ಕು ತಿಂಗಳಿಂದ ಪರಮೇಶ ಟ್ರೇಲರುಗಳ ಬೆನ್ನಿಗೆ ನಂಬರು ಬರೆದದ್ದು ಬಿಟ್ಟರೆ ಕುಂಚ ಮುಟ್ಟಿರಲಿಲ್ಲ. ಹಿಂದಿನ ದಿನ ಸಾವಳಗಿಯಿಂದ ಒಬ್ಬ ಹೆಣ್ಣುಮಗಳು ಬಸ್ಸುಗಳ ಗದ್ದಲದ ನಡುವೆ ಫೋನ್ ಮಾಡಿದ್ದಳು. ಬಸ್ ಸ್ಟ್ಯಾಂಡಿನ ಎದುರಿಗೇ ಹೊಸ ಅಂಗಡಿ, ಇಂಟರ್ನೆಟ್ ಅಂತ ಚೆಂದಗೆ ಬರೆದಿಡು, ನಾಳೆ ನಾಲ್ಕಕ್ಕೆ ಬಂದು ಒಯ್ಯುತ್ತೇನೆ ಎಂದಿದ್ದಳು.

ಆಗಿನಿಂದಲೇ ಪರಮೇಶ ಕನಸಿನಲ್ಲಿದ್ದ. ತನ್ನ ಅಕ್ಷರಗಳು ತಗಡಿನಿಂದ ಇಳಿದು, ಕಬ್ಬಿನ ಗರಿಗಳ ಮೇಲೆ ಹೆಜ್ಜೆಯಿಡುತ್ತ ಮುಧೋಳ, ಬೀಳಗಿಯವರೆಗೂ ನಡೆದು ಹೋದಂತೆ. ಅಲ್ಲಿಯ ಅಂಗಡಿಕಾರರೆಲ್ಲ ‘ಇದನ್ನ ಬರೆದಾಂವ ಎಲ್ಲಿದ್ದಾನ?’ ಎಂದು ಕೇಳಿಕೊಂಡು ಬಂದಂತೆ. ಕುಂಚ ಕೈಗೆ ಬಂದರೆ ಅವನ ಕಣ್ಣು ಅರ್ಧ ಮುಚ್ಚುತ್ತಿತ್ತು. ದೊಡ್ಡ ಐ ಅವನಿಗೆ ದೀಪದ ಕಂಬದಂತೆ ಕಂಡಿತು.

“ಪರಮೇಶಣ್ಣ, ದೊಡ್ಡ ಐ ಯಾಕ ಬರದಿ?” ಎದುರುಮನೆಯ ಶೈಲಾ ಸ್ಕೂಟಿ ನಿಲ್ಲಿಸಿದ್ದಳು. ಆಕೆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು.

“ಮತ್ತ ಹೆಂಗ್ ಬರೀಬೇಕವ್ವಾ?”

“ಈಗ ಎಲ್ಲಾರೂ ಸಣ್ಣ ಐ ಬರೀತಾರ. ಪೇಪರಿನವ್ರು ದೊಡ್ಡದು ಬಿಟ್ಟು ಎಷ್ಟೋ ವರ್ಷ ಆತು. ಇಂಟರ್ನೆಟ್ ಅಂದ್ರ ಈಗ ನಳದ ನೀರಿದ್ದಂಗ. ಮನಿ ಮನಿಗಿ ಬರ್ತೈತಿ. ನಳಕ್ಕ ಯಾರರೆ ದೊಡ್ಡ ಅಕ್ಷರ ಹಾಕ್ತಾರೇನು?”

ಕಲಿತವರ ಮಾತು. ಪರಮೇಶ ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ಕಂಬ ಒರೆಸಿ, ಗಿಡ್ಡ ಗೆರೆ ಎಳೆದು ಮೇಲೊಂದು ಚುಕ್ಕೆ ಇಟ್ಟ. ಅದೂ ಚೆಂದವೇ ಕಂಡಿತು, ಕೂಸೊಂದು ಚೆಂಡು ಹಾರಿಸಿ ಮೇಲೆ ನೋಡುತ್ತ ನಿಂತಂತೆ.

ಹತ್ತೂವರೆಗೆ ಕಾಯಿಪಲ್ಲೆಯ ಚೀಲ ಹಿಡಿದು ನಾರಾಯಣ ಮಾಸ್ತರರು ಬಂದರು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಶೈಲಾಳಿಗೂ ಕಲಿಸಿದವರು.

“ಅರೇ, ಈ ಕುಳ್ಳ ಐ ಯಾರು ಬರೆಸಿದ್ರು?”

“ಶೈಲಕ್ಕರ‍್ರೀ.”

“ಆಕಿಗಿ ನಾನ ಕಲಿಸೇನಿ, ಸರಿಯಾಗಿ ಕಲೀಲಿಲ್ಲ. ಜಗತ್ತಿನಾಗ ಇಂಟರ್ನೆಟ್ ಎಷ್ಟವ? ಒಂದ! ಒಂದ ಇದ್ದದ್ದಕ್ಕ ಅಂಕಿತನಾಮ ಅಂತಾರ. ಹೊಳಿ ಅಂದ್ರ ಸಣ್ಣ ಅಕ್ಷರ, ಕೃಷ್ಣಾ ಅಂದ್ರ ದೊಡ್ಡದು. ಬರೋಬರಿ ಮಾಡು!”

ಕೃಷ್ಣೆಯ ಮಾತು ಬಂದದ್ದೇ ಪರಮೇಶನ ಮನಸ್ಸು ಚಿಕ್ಕಪಡಸಲಗಿಯ ಬ್ಯಾರೇಜಿನ ಮೇಲೆ ಹೋಗಿ ಕುಳಿತಿತು. ಕೆಳಗೆ ನೀಲಿ ನೀರು, ನೀರಿನ ತುಂಬ ನೀಲಿ ಐಗಳು. ಎಚ್ಚರವಾದಾಗ ಕೈ ತನ್ನಷ್ಟಕ್ಕೇ ಚುಕ್ಕೆ ಅಳಿಸಿ ಕಂಬ ನಿಲ್ಲಿಸಿತ್ತು.

ಮಧ್ಯಾಹ್ನ ಊಟಕ್ಕೆ ಬಂದ ಶೈಲಾ ಅದನ್ನು ನೋಡಿದಳು. ಮಾಸ್ತರರು ಇನ್ನೂ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರು.

“ಸರ್, ಕಾಲ ಬದಲಾಗೇತ್ರಿ.”

“ಕಾಲ ಬದಲಾಗ್ಲಿ, ವ್ಯಾಕರಣ ಯಾಕ ಬದಲಾಗಬೇಕು?”

ಮಂದಿ ಕೂಡಿತು. ಇಂಗ್ಲಿಷಿನ ಎಬಿಸಿಡಿ ಬಾರದವರೂ ಎರಡು ಪಾರ್ಟಿಯಾದರು. ದೊಡ್ಡ ಐ, ಸಣ್ಣ ಐ, ಮತ್ತೆ ದೊಡ್ಡ ಐ ಆಗಿ ಆಗಿ ತಗಡಿನ ಆ ಮೂಲೆ ಮೂರು ಸಲ ಬೇಳೆ ಬಸಿದ ಪಾತ್ರೆಯಂತೆ ಕಂಗೆಟ್ಟಿತು. ಕೊನೆಗೆ ಪಕ್ಕದ ಕಿರಾಣಿ ಅಂಗಡಿಯ ಮಲಕಾಜಪ್ಪ ತೂಕ ಮಾಡುವುದನ್ನು ಬಿಟ್ಟು ಎದ್ದು ಬಂದ.

“ಎಲ್ಲಾ ಅಕ್ಷರ ದೊಡ್ಡವ ಬರದ್ರ ಜಗಳನ ಮುಗೀತಲ್ಲೋ?”

“ಹಂಗ ಬರದ್ರ ಬೋರ್ಡು ಒದರಿದಂಗ ಆಕ್ಕೈತಿ ಕಾಕಾ,” ಎಂದ ಪರಮೇಶ ನೋವಿನಿಂದ.

“ಹಂಗಾರ ಒಂದ ಬಾಜು ದೊಡ್ಡದು ಬರಿ, ಇನ್ನೊಂದ ಬಾಜು ಸಣ್ಣದು ಬರಿ. ಬಂದಾಕಿ ಯಾವುದು ಬೇಕೋ ಅದನ್ನ ಹೊರಗ ಮಾಡಲಿ.”

ಇಬ್ಬರೂ ಒಪ್ಪಿದರು. ಪರಮೇಶ ಮುಂದೆಯೂ ಬರೆದ, ಹಿಂದೆಯೂ ಬರೆದ. ಬರೆದು ಮುಗಿದ ಮೇಲೆ ಹೊಳೆಯಿತು, ಎರಡೂ ಕಡೆ ಹಸಿಯಿದ್ದ ತಗಡನ್ನು ಎಲ್ಲಿಯೂ ಇಡುವಂತಿರಲಿಲ್ಲ. ಒರಗಿಸಿದರೆ ಮಾಸ್ತರರ ಐ ಹೋಗುತ್ತದೆ, ಮಲಗಿಸಿದರೆ ಶೈಲಾಳ ಐ ಹೋಗುತ್ತದೆ. ಅಂಚು ಹಿಡಿದು ಬಿಸಿಲಿನಲ್ಲಿ ನಿಂತ. ಗಾಳಿ ಬೀಸಿದಾಗ ತಗಡು ಹಾಯಿಯಂತೆ ಉಬ್ಬಿತು. ಬೆವರು ಕಣ್ಣಿಗಿಳಿಯುತ್ತಿದ್ದರೂ ಅವನಿಗೆ ತಾನು ದೋಣಿಯಲ್ಲಿ ನಿಂತು ತೇಲುತ್ತಿರುವಂತೆ, ದಂಡೆಯುದ್ದಕ್ಕೂ ಜನ ಕೈಬೀಸುತ್ತಿರುವಂತೆ ಭಾಸವಾಯಿತು. ಎರಡು ತಾಸು ಹಾಗೇ ತೇಲಿದ.

ನಾಲ್ಕಕ್ಕೆ ಟೆಂಪೋ ಬಂದು ನಿಂತಿತು. ಐವತ್ತರ ಗಟ್ಟಿ ಹೆಂಗಸೊಬ್ಬಳು ಇಳಿದಳು. ಮಾಸ್ತರರು ಎದ್ದರು. ಕಾಲೇಜಿನಿಂದ ಬೇಗ ಬಿಡುವು ಮಾಡಿಕೊಂಡು ಬಂದಿದ್ದ ಶೈಲಾ ಮುಂದೆ ಬಂದಳು.

“ಇದೇನಪಾ ಇದು?” ಎಂದಳು ಆ ಹೆಂಗಸು.

“ನಿಮ್ಮ ಬೋರ್ಡ್ ರೀ ಅಕ್ಕಾರ. ಇಂಟರ್ನೆಟ್. ಎರಡೂ ನಮೂನಿ ಐತಿ.”

“ಅದನ್ನ ತಗೊಂಡು ನಾ ಏನ ಮಾಡ್ಲಿ? ನಾ ಮಾರೂದು ಕಬ್ಬಿನ ಸಸಿಗಿ ನೆರಳು ಮಾಡೂ ಹಸರ ನೆಟ್. ನನ್ನ ಹೆಸರು ಇಂದ್ರವ್ವ. ಇಂದ್ರಾ ನೆಟ್ ಅಂತ ಬರಿ ಅಂದಿದ್ನಿ!”

ಪರಮೇಶನ ದೋಣಿ ಮುಳುಗಿತು.

ಮೊದಲು ಚೇತರಿಸಿಕೊಂಡವರು ಮಾಸ್ತರರು. “ಮನುಷ್ಯಾರ ಹೆಸರು! ಅಂದ ಮ್ಯಾಲ ದೊಡ್ಡ ಐ!”

“ಹೌದ್ರಿ ಸರ್, ಇದಕ್ಕ ದೊಡ್ಡದ ಬೇಕು,” ಎಂದಳು ಶೈಲಾ. ಐ ವಿಷಯದಲ್ಲಿ ಬೆಳಗಿನಿಂದ ಇಬ್ಬರಿಗೂ ಕೂಡಿ ಬಂದ ಮೊದಲ ಮಾತು ಅದು.

ಇಂದ್ರವ್ವ ಕೈ ಅಡ್ಡ ಮಾಡಿದಳು. “ನಿಮ್ಮ ಇಂಗ್ಲಿಷ್ ಯಾರಿಗಿ ಬೇಕಾಗೇತ್ರಿ? ನನ್ನ ಗಿರಾಕಿ ಎಲ್ಲಾ ಒಕ್ಕಲುತನದ ರೈತರು. ಕನ್ನಡದಾಗ ಬರಿಯಪಾ. ನಾ ಕುಂತಿರ್ತೇನಿ.”

ಪರಮೇಶನ ಮೈ ಹಗುರವಾಯಿತು. ಕನ್ನಡ! ದೊಡ್ಡ ಅಕ್ಷರವೂ ಇಲ್ಲ, ಸಣ್ಣ ಅಕ್ಷರವೂ ಇಲ್ಲ. ಎಲ್ಲ ಅಕ್ಷರಗಳೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಭಾಷೆ. ತಗಡನ್ನು ಒರೆಸಿ ಕನ್ನಡಿ ಮಾಡಿದ. ಕಣ್ಣು ಅರ್ಧ ಮುಚ್ಚಿ, ‘ಇಂದ್ರ’ ಎಂದು ದುಂಡಗೆ ಬರೆದು, ಕುಂಚ ಎತ್ತಿದ.

“ಅರೇ, ದೀರ್ಘ ಎಲ್ಲಿ?” ಎಂದರು ಮಾಸ್ತರರು. “ಇಂದ್ರ ಅಂದ್ರ ಗಂಡದೇವರಾತಲ್ಲೋ! ಹೆಣ್ಣಮಗಳ ಹೆಸರು, ದೀರ್ಘ ಕೊಡು.”

“ಯಾಕ್ರಿ ಸರ್?” ಶೈಲಾ ಇನ್ನೊಂದು ಹೆಜ್ಜೆ ಮುಂದಿಟ್ಟಳು. “ಅವ್ರ ಹೆಸರು ಇಂದ್ರವ್ವ. ಅದರಾಗ ದೀರ್ಘ ಎಲ್ಲೈತ್ರಿ?”

ಮಂದಿ ಮತ್ತೆ ಕೂಡತೊಡಗಿತು. ಇಂದ್ರವ್ವ ಒಮ್ಮೆ ಮಾಸ್ತರರನ್ನು ನೋಡಿದಳು, ಒಮ್ಮೆ ಶೈಲಾಳನ್ನು ನೋಡಿದಳು. ಆಮೇಲೆ ಟೆಂಪೋದವನ ಕಡೆ ತಿರುಗಿದಳು.

“ಗಾಡಿ ಬಂದ್ ಮಾಡೋ ತಮ್ಮಾ. ಇದು ಇವತ್ತಿಗಿ ಮುಗಿಯೂ ಹಂಗ ಕಾಣೂದಿಲ್ಲ.”