ರೆಕಾರ್ಡ್ ರೂಮಿನ ಡ್ರ್ಯಾಗನ್

ಎಲ್ಲಾ ಆಗಿದ್ದು ಹೆಂಡತಿಯ ಬೈಂಡ್ ಹಾಕುವ ಚಟದಿಂದ. ಮನೆಗೆ ಯಾವ ಪುಸ್ತಕ ಬರಲಿ, ಅದಕ್ಕೊಂದು ಕಂದು ಕಾಗದದ ಅಂಗಿ ತೊಡಿಸದೆ ಆಕೆ ಬಿಡುವವಳಲ್ಲ. ಮಗಳ ಡ್ರ್ಯಾಗನ್ ಕತೆಗೂ ತೊಡಿಸಿದಳು, ಗಂಡ ಆಫೀಸಿನಿಂದ ತಂದ ನೀರು ಸರಬರಾಜು ನಿಯಮಗಳ ಪುಸ್ತಕಕ್ಕೂ ತೊಡಿಸಿದಳು. ಎರಡೂ ಅವಳಿ ಮಕ್ಕಳ ಹಾಗೆ ಕಾಣತೊಡಗಿದವು.

ಗಂಡನಿಗೆ ಇದರಿಂದ ಅನುಕೂಲವೇ ಆಗಿತ್ತು. ಆತ ನೀರು ಸರಬರಾಜು ಕಚೇರಿಯಲ್ಲಿ ದೂರಿನ ಫೋನ್ ಎತ್ತುವ ಗುಮಾಸ್ತ. ದಿನವಿಡೀ ಹಲೋ ಹಲೋ ಎಂದು ಒದರಿ ಒದರಿ, ಆಫೀಸಿನವರ ಬಾಯಲ್ಲಿ ಹಲೋರಾಯನೇ ಆಗಿಹೋಗಿದ್ದ. ನೀರು ಬರದಿದ್ದರೂ ಬೈಸಿಕೊಳ್ಳಬೇಕು, ಕೆಂಪಗೆ ಬಂದರೂ ಬೈಸಿಕೊಳ್ಳಬೇಕು. ಒಂದು ಬೈಗುಳಕ್ಕೂ ಇನ್ನೊಂದಕ್ಕೂ ನಡುವೆ ಸಿಗುವ ಬಿಡುವಿನಲ್ಲಿ ಡ್ರ್ಯಾಗನ್ ಕತೆ ಓದುವುದೊಂದೇ ಆ ಬಡಪಾಯಿಯ ಸುಖ. ತಲೆ ನರೆತ ಗಂಡಸು ಮಕ್ಕಳ ಪುಸ್ತಕ ಓದುತ್ತಾನೆಂದರೆ ಜನ ನಗದೆ ಇರುತ್ತಾರೆಯೇ? ಕಂದು ಕಾಗದ ಮಾನ ಕಾಪಾಡಿತ್ತು.

ಕತೆಯ ಡ್ರ್ಯಾಗನ್‌ಗೂ ವಯಸ್ಸಾಗಿತ್ತು. ಹೊಟ್ಟೆಯೊಳಗಿನ ಬೆಂಕಿ ಆರಿಹೋಗಿ, ಅದನ್ನು ಹುಡುಕಿಕೊಂಡು ಬೆಟ್ಟದಿಂದ ಬೆಟ್ಟಕ್ಕೆ ಅಲೆಯುತ್ತಿತ್ತು. ಹಲೋರಾಯನಿಗೆ ಅದು ಒಡಹುಟ್ಟಿದ ಅಣ್ಣನಂತೆ ಕಾಣುತ್ತಿತ್ತು. ಬೆಂಕಿ ಸಿಗುತ್ತದೋ ಇಲ್ಲವೋ ತಿಳಿಯಲು ಕೊನೆಯ ಅಧ್ಯಾಯವೊಂದೇ ಬಾಕಿ.

ಆ ದಿನ ಇನ್ನೊಂದು ಆಸೆಯೂ ಇತ್ತು. ಹಳೇ ಫೈಲುಗಳ ರೆಕಾರ್ಡ್ ರೂಮು ನೋಡಿಕೊಳ್ಳುತ್ತಿದ್ದವರು ನಿವೃತ್ತರಾಗಿದ್ದರು. ಅಲ್ಲಿ ಫೋನಿಲ್ಲ, ಜನರ ಕಾಟವಿಲ್ಲ. ಒಂದು ಕಿಟಕಿ, ಒಂದು ಕುರ್ಚಿ. ಆ ಜಾಗ ತನಗೆ ಕೊಡಿ ಎಂದು ಆತ ಸಾಹೇಬರನ್ನು ಅಂಗಲಾಚಿದ್ದ. "ಮೀಟಿಂಗ್ ಮುಗಿಸ್ಕೊಂಡು ಬಂದು ಹೇಳ್ತೀನಿ" ಎಂದಿದ್ದರು.

ಊಟ ಮುಗಿಸಿ ಕೈತೊಳೆದು ಬಂದು ನೋಡಿದರೆ ಮೇಜಿನ ಮೇಲೆ ಪುಸ್ತಕವಿಲ್ಲ.

"ಸಾಹೇಬ್ರು ಮೀಟಿಂಗಿಗೆ ಹೊರಟಿದ್ರು, ನಿಯಮದ ಪುಸ್ತಕ ಎಲ್ಲಿ ಅಂದ್ರು. ನಾನೇ ಎತ್ತಿ ಕೊಟ್ಟೆ" ಎಂದರು ಟೈಪಿಸ್ಟಮ್ಮ.

ಹಲೋರಾಯ ಡ್ರಾಯರ್ ಎಳೆದ. ನಿಯಮಗಳ ಪುಸ್ತಕ ತಣ್ಣಗೆ ಮಲಗಿತ್ತು.

"ಅಮ್ಮಾ, ಅದು ನಿಯಮದ್ದಲ್ಲ."

"ಮತ್ತೆ?"

"ಡ್ರ್ಯಾಗನ್."

"ಅಯ್ಯಯ್ಯೋ! ನಿಯಮ ಓದಿ ಹೇಳಿ ಅಂತ ಮೇಲಿನವರು ಕೇಳಿದ್ರೆ ಗತಿಯೇನ್ರೀ?"

"ರೆಕಾರ್ಡ್ ರೂಮು ಹೋಯ್ತು ಅಂತ ತಿಳ್ಕೊಳ್ಳಿ" ಎಂದ ಸ್ಟೋರ್ ಕೀಪರ್, ಹಲ್ಲು ಕಡ್ಡಿಯಿಂದ ಹಲ್ಲು ಕೆದಕುತ್ತ. "ಕೆಲಸ ಉಳಿದ್ರೆ ಪುಣ್ಯ. ಓಡಿ, ಬದಲಾಯಿಸ್ಕೊಂಡು ಬನ್ನಿ."

"ಫೋನು?"

"ನಾನಿದ್ದೀನಲ್ಲ!" ಎಂದರು ಟೈಪಿಸ್ಟಮ್ಮ.

ಹಲೋರಾಯ ಏದುಸಿರು ಬಿಡುತ್ತ ಮೀಟಿಂಗಿನ ಕಟ್ಟಡ ಮುಟ್ಟಿದ. ಕಾವಲುಗಾರ ಒಳಗೆ ಬಿಡಲಿಲ್ಲ. ಬಾಗಿಲ ಗಾಜಿನಲ್ಲಿ ಇಣುಕಿದರೆ, ಸಾಹೇಬರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ತಲೆ ಬಗ್ಗಿಸಿ ಕೂತಿದ್ದರು. ಮುಖ ಗಂಟಿಕ್ಕಿತ್ತು. ಮುಗಿಯಿತು ತನ್ನ ಕತೆ ಎಂದುಕೊಂಡು ಆತ ಕಾಲೆಳೆದುಕೊಂಡು ವಾಪಸಾದ.

ಟೈಪಿಸ್ಟಮ್ಮ ಬೀಗುತ್ತ ಕೂತಿದ್ದರು. "ಒಬ್ಬರೂ ಬೈಲಿಲ್ಲ ನೋಡಿ! ಸಂಜೆ ನೀರು ಬಿಡ್ತೀವಿ ಅಂತ ಎಲ್ಲರಿಗೂ ಹೇಳಿಬಿಟ್ಟೆ."

"ದೊಡ್ಡ ಪೈಪೇ ಒಡೆದಿದೆಯಲ್ಲಮ್ಮಾ!"

"ಹೌದಾ? ಅದನ್ನ ಮೊದಲೇ ಹೇಳಬಾರ್ದೇನ್ರೀ?"

ಸಂಜೆಯಾಯಿತು, ನೀರು ಬರಲಿಲ್ಲ, ಊರಿಗೆ ಊರೇ ಫೋನ್ ಮಾಡಿತು. ಹಲೋರಾಯ ಬೈಸಿಕೊಂಡು ಬೈಸಿಕೊಂಡು ಹಣ್ಣಾಗಿದ್ದಾಗ ಸಾಹೇಬರು ತಮ್ಮ ಕೋಣೆಗೆ ಕರೆಸಿದರು.

ಪುಸ್ತಕ ಅವರ ಮುಂದಿತ್ತು. "ಇದು ನಿಮ್ಮದಾ?"

"ತಪ್ಪಾಯ್ತು ಸಾರ್. ಮಗಳದ್ದು."

"ಸುಳ್ಳು ಯಾಕೆ ಹೇಳ್ತೀರಿ? ನಿಮ್ಮ ಬಸ್ ಪಾಸ್ ಗುರುತಿಗೆ ಇಟ್ಟಿದ್ರಲ್ಲ. ಅಲ್ಲಿಂದ್ಲೇ ಶುರು ಮಾಡ್ದೆ." ಸಾಹೇಬರು ಸುತ್ತ ನೋಡಿ ದನಿ ತಗ್ಗಿಸಿದರು. "ಏನು ಕತೆ ಕಣ್ರೀ! ಇಷ್ಟು ವರ್ಷದಲ್ಲಿ ಮೊದಲ ಸಲ ಮೀಟಿಂಗಲ್ಲಿ ನಿದ್ದೆ ಬರ್ಲಿಲ್ಲ. ಆ ಡ್ರ್ಯಾಗನ್‌ಗೆ ಬೆಂಕಿ ಕೊನೆಗೂ ಸಿಗೋದೇ ಇಲ್ಲ, ಗೊತ್ತಾ?"

"ಸಾರ್, ನಾನಿನ್ನೂ..."

"ಒಂದು ಗುಹೆ ಸಿಗುತ್ತೆ. ಬೆಂಕಿ ಯಾರಿಗೆ ಬೇಕು ಅಂತ ಅಲ್ಲೇ ನೆಮ್ಮದಿಯಾಗಿ ಮಲಗಿಬಿಡುತ್ತೆ. ನಂಗಂತೂ ಕಣ್ಣಲ್ಲಿ ನೀರು ಬಂತು."

ಹಲೋರಾಯನಿಗೂ ಬಂತು. ಆದರೂ ಒಂದು ಆಸೆ ಮಿಣುಕಿತು. "ಹಾಗಾದ್ರೆ ಸಾರ್, ರೆಕಾರ್ಡ್ ರೂಮು?"

"ಅದಕ್ಕೇ ಕರೆಸಿದ್ದು. ಗುಹೆ ಅಂದ ಕೂಡ್ಲೇ ನಂಗೂ ಅದೇ ನೆನಪಾಯ್ತು. ನಾಳೆಯಿಂದ ನಾನೇ ಅಲ್ಲಿ ಕೂತ್ಕೋತೀನಿ. ಇದನ್ನ ಮೊದಲಿಂದ ಓದ್ಬೇಕು, ನನ್ನ ಹತ್ರಾನೇ ಇರ್ಲಿ. ನಿಮ್ಮ ಮೇಜು ಅದರ ಬಾಗಿಲಿಗೆ ಹಾಕಿಸ್ತೀನಿ, ಯಾರನ್ನೂ ಒಳಗೆ ಬಿಡಬೇಡಿ. ನನ್ನ ಫೋನೂ ನೀವೇ ಇಟ್ಕೊಳ್ಳಿ."

ಮರುದಿನ ಬೆಳಿಗ್ಗೆ ರೆಕಾರ್ಡ್ ರೂಮಿನ ಬಾಗಿಲಲ್ಲಿ ಎರಡು ಫೋನೂ ಒಟ್ಟಿಗೆ ಬಡಿದುಕೊಂಡವು. ಹಲೋರಾಯ ಎರಡೂ ಕಿವಿಗೆ ಒಂದೊಂದು ಹಿಡಿದು ನಿಟ್ಟುಸಿರುಬಿಟ್ಟ. "ಹಲೋ... ಹಲೋ..."

ಒಳಗಿನಿಂದ ದನಿ ಬಂತು. "ರೀ, ಸ್ವಲ್ಪ ಮೆಲ್ಲಗೆ! ಇಲ್ಲಿ ಓದ್ತಾ ಇದ್ದೀನಿ."